ಆಕಾಶದಲ್ಲೂ ಕೊಸರು ಸಿಗುತ್ತಿದ್ದ ಕಾಲ

2024ರ ನವೆಂಬರ್ ತಿಂಗಳಲ್ಲಿ ಒಂದೇ ವಾರದ ಅಂತರದಲ್ಲಿ ಭಾರತದ ಎರಡು ವಿಮಾನ ಕಂಪನಿಗಳ ಕಥೆ ಮುಗಿಯಿತು. 7ನೇ ತಾರೀಕು ಸುಪ್ರೀಂ ಕೋರ್ಟ್, ಜೆಟ್ ಏರ್‌ವೇಸ್ ಮತ್ತೆ ಹಾರುವ ಆಸೆಗೆ ತೆರೆ ಎಳೆದು, ಇರುವ ಆಸ್ತಿ ಮಾರಿ ಲೆಕ್ಕ ಮುಗಿಸಿ ಎಂದು ಆದೇಶಿಸಿತು. 11ರ ರಾತ್ರಿ ವಿಸ್ತಾರಾ ತನ್ನ ಹೆಸರಿನಲ್ಲಿ ಕೊನೆಯ ಬಾರಿ ಹಾರಿತು. ಮಾರನೆಯ ಬೆಳಗ್ಗೆ ಅದೇ ವಿಮಾನ, ಅದೇ ಸಿಬ್ಬಂದಿ. ಆದರೆ ಬೋರ್ಡಿಂಗ್ ಪಾಸಿನ ಮೇಲೆ 'ಯುಕೆ' ಎಂಬ ಅಕ್ಷರಗಳಿದ್ದ ಕಡೆ 'ಎಐ' ಬಂದು ಕೂತಿತ್ತು. ಪತ್ರಿಕೆಗಳು ಬ್ಯಾಂಕುಗಳ ಸಾಲ, ಷೇರುದಾರರ ಪಾಲು, ಮಾರುಕಟ್ಟೆಯ ಲೆಕ್ಕಾಚಾರ ಎಲ್ಲವನ್ನೂ ಬರೆದವು. ಯಾರೂ ಬರೆಯದ ಒಂದು ಸಣ್ಣ ನಷ್ಟ ನನ್ನಂಥ ಕೆಲವರ ಮೇಜಿನ ಡ್ರಾಯರಿನಲ್ಲಿತ್ತು. ಹಳದಿ, ಕೆಂಪು, ನೇರಳೆ ಬಣ್ಣಗಳ ಒಂದಿಷ್ಟು ಪ್ಲಾಸ್ಟಿಕ್ ಕಾರ್ಡುಗಳು. ಒಂದೊಂದರ ಮೇಲೂ ನಮ್ಮ ಹೆಸರು ಉಬ್ಬಕ್ಷರಗಳಲ್ಲಿ ಅಚ್ಚಾಗಿದೆ. ಅವುಗಳಲ್ಲಿ ಯಾವುದಕ್ಕೂ ಈಗ ಹಿಂದಿನ ಬೆಲೆ ಇಲ್ಲ, ಕೆಲವಕ್ಕೆ ಬೆಲೆಯೇ ಇಲ್ಲ.

ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಒಬ್ಬರ ಹತ್ತಿರವೇ ವರ್ಷಗಟ್ಟಲೆ ತರಕಾರಿ ಕೊಂಡವರಿಗೆ ಕೊಸರು ಎಂದರೆ ಏನೆಂದು ಹೇಳಬೇಕಾಗಿಲ್ಲ. ಹುರುಳಿಕಾಯಿ ತೂಗಿ ಮುಗಿದ ಮೇಲೆ ಚೀಲದೊಳಗೆ ಬೀಳುವ ಒಂದು ಹಿಡಿ ಕರಿಬೇವು. ಮೊಳ ಅಳೆದಾದ ಮೇಲೂ ಹೂವಿನಾಕೆ ಬಿಡುವ ನಾಲ್ಕು ಬೆರಳು ಮಲ್ಲಿಗೆ. ಅದು ರಿಯಾಯಿತಿಯಲ್ಲ, ದಾನವೂ ಅಲ್ಲ. 'ನೀವು ನಮ್ಮ ಹತ್ತಿರವೇ ಬರುತ್ತೀರಿ, ಅದು ನನಗೆ ಗೊತ್ತು' ಎಂದು ಹೇಳುವ ಒಂದು ರೀತಿ. ವಿಮಾನ ಕಂಪನಿಗಳು ಕೊಡುತ್ತಿದ್ದ ಪಾಯಿಂಟು, ಮೈಲ್ಸು, ಸಿಲ್ವರ್, ಗೋಲ್ಡ್‌ಗಳು ನಮ್ಮ ತಲೆಮಾರಿಗೆ ಆಕಾಶದಲ್ಲಿ ಸಿಕ್ಕ ಕೊಸರು.

ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ದರದ ಮೇಲಿದ್ದ ಹಿಡಿತ ಬಿಟ್ಟಿತು. ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಎಷ್ಟಕ್ಕೆ ಬೇಕಾದರೂ ಹಾರಬಹುದು ಎಂದಾದಾಗ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬ ಚಿಂತೆ ಶುರುವಾಯಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ 'ಅಡ್ವಾಂಟೇಜ್' ಯೋಜನೆ ತಂದಿತು. ಎಷ್ಟು ಮೈಲಿ ಹಾರಿದಿರೋ ಅಷ್ಟು ನಿಮ್ಮ ಖಾತೆಗೆ, ಸಾಕಷ್ಟು ಕೂಡಿದ ಮೇಲೆ ಒಂದು ಟಿಕೆಟ್ ಉಚಿತ. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದೇ ಹಾದಿ ಹಿಡಿಯಿತು. ಆಮೇಲೆ ಲೋಕವೆಲ್ಲ ಹಬ್ಬಿತು.

ನಮ್ಮಲ್ಲಿ ಅದು ತಡವಾಗಿ ಬರಲು ಕಾರಣವಿತ್ತು. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾದ ಮೇಲೆ ದೇಶದೊಳಗೆ ಹಾರಬೇಕೆಂದರೆ ಇಂಡಿಯನ್ ಏರ್‌ಲೈನ್ಸ್ ಒಂದೇ ಗತಿ. ಟಿಕೆಟ್ ಸಿಕ್ಕಿದ್ದೇ ಪುಣ್ಯ, ವಿಮಾನ ಹೊರಟಿದ್ದು ಇನ್ನೂ ದೊಡ್ಡ ಪುಣ್ಯ. ಗಗನಸಖಿ ತಟ್ಟೆಯಲ್ಲಿ ತರುತ್ತಿದ್ದ ಪೆಪ್ಪರ್‌ಮಿಂಟು ಮತ್ತು ಕಿವಿಗೆ ಇಟ್ಟುಕೊಳ್ಳುವ ಹತ್ತಿಯೇ ಅಂದಿನ ಉಪಚಾರ. ತೊಂಬತ್ತರ ದಶಕದಲ್ಲಿ ಬಾಗಿಲು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಸಹಾರಾ, 1993ರ ಮೇನಲ್ಲಿ ಜೆಟ್ ಏರ್‌ವೇಸ್. ಮೊದಲ ಮೂರು ಆ ದಶಕ ಮುಗಿಯುವುದರೊಳಗೆ ಕಣ್ಮರೆಯಾದವು. ಆದರೆ ಅಷ್ಟರಲ್ಲಿ ಒಂದು ಕೆಲಸ ಆಗಿಹೋಗಿತ್ತು: ಭಾರತದ ಪ್ರಯಾಣಿಕನಿಗೆ ತಾನು ಬೇರೆ ಕಡೆಗೂ ಹೋಗಬಹುದು ಎಂಬುದು ಗೊತ್ತಾಗಿತ್ತು. ಅದು ಕಂಪನಿಗಳಿಗೂ ಗೊತ್ತಿತ್ತು. ಹಾಗಾಗಿ ತಣ್ಣನೆಯ ಟವೆಲ್ ಬಂತು, ನಿಂಬೆ ಪಾನಕ ಬಂತು, ಅದರ ಹಿಂದೆಯೇ ಕಾರ್ಡುಗಳೂ ಬಂದವು.

ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವನ್ನು ಬಲ್ಲವರಿಗೆ ಅಲ್ಲಿನ ಬೆಳಗಿನ ಜಾವ ನೆನಪಿರಬಹುದು. ಮುಂಬೈ, ದೆಹಲಿಯ ಮೊದಲ ವಿಮಾನಗಳಿಗೆ ಇಕ್ಕಟ್ಟಾದ ಆ ಕಟ್ಟಡದಲ್ಲಿ ಸೇರುತ್ತಿದ್ದ ಮುಖಗಳು ಹೆಚ್ಚುಕಡಿಮೆ ಅವೇ. ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರುಗಳು, ಔಷಧ ಕಂಪನಿಯವರು, ದೆಹಲಿಯ ಕಚೇರಿಗಳಿಗೆ ಫೈಲು ಹೊತ್ತು ಹೋಗುವ ಸಾರ್ವಜನಿಕ ಉದ್ಯಮಗಳ ಅಧಿಕಾರಿಗಳು. ಕೈಚೀಲಕ್ಕೆ ಕಟ್ಟಿ ಸಿಐಎಸ್‌ಎಫ್ ಮುದ್ರೆ ಒತ್ತಿಸಿಕೊಳ್ಳುವ ಕಾಗದದ ಟ್ಯಾಗುಗಳನ್ನು ಕೆಲವರು ಕಿತ್ತು ಹಾಕುತ್ತಲೇ ಇರಲಿಲ್ಲ. ಹತ್ತಾರು ಟ್ಯಾಗು ಜೋತಾಡುವ ಚೀಲವೇ ಅವರ ಪದವಿ. ಜೆಟ್‌ನ ಜೆಟ್‌ಪ್ರಿವಿಲೇಜ್‌ನಲ್ಲಿ ಬ್ಲೂ, ಬ್ಲೂ ಪ್ಲಸ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೆಟ್ಟಿಲುಗಳಿದ್ದವು. ಒಂದು ಮೆಟ್ಟಿಲು ಹತ್ತಲು ಜನ ವರ್ಷದ ಕೊನೆಯಲ್ಲಿ ಬೇಕಿಲ್ಲದ ಪ್ರಯಾಣ ಮಾಡಿದ್ದೂ ಉಂಟು. ಡಿಸೆಂಬರ್ ಬಂತೆಂದರೆ 'ಇನ್ನು ಎರಡು ಸೆಕ್ಟರ್ ಬಾಕಿ ಇದೆ ಮಾರಾಯ, ಹೈದರಾಬಾದಿಗೆ ಹೋಗಿ ಬಂದುಬಿಡುತ್ತೇನೆ' ಎನ್ನುವವರು ನಮ್ಮ ಕಚೇರಿಯಲ್ಲೇ ಇದ್ದರು.

ಮೇಲಿನ ಮೆಟ್ಟಿಲಿನಲ್ಲಿ ಸಿಗುತ್ತಿದ್ದುದಾದರೂ ಏನು? ಹೊರಗಿನವರು ನೋಡಿದರೆ ನಗುವಂಥ ಸಂಗತಿಗಳು. ಉದ್ದನೆಯ ಸಾಲಿನ ಪಕ್ಕದಲ್ಲಿ ಕೆಂಪು ಚಾಪೆ ಹಾಸಿದ ಒಂದು ಸಣ್ಣ ಕೌಂಟರ್. ಮುಂದಿನ ಸಾಲಿನ ಸೀಟು. ಇಳಿದಾಗ ಮೊದಲು ಬರುವ ಸೂಟ್‌ಕೇಸು. ಆದರೆ ಅದರ ನಿಜವಾದ ಬೆಲೆ ತಿಳಿಯುತ್ತಿದ್ದುದು ಕಷ್ಟದ ದಿನ. ದೆಹಲಿಯಲ್ಲಿ ಜನವರಿಯ ಮಂಜು ಕವಿದು ವಿಮಾನಗಳು ಸಾಲಾಗಿ ರದ್ದಾಗಿ, ಇಡೀ ನಿಲ್ದಾಣ ಸಂತೆಯಾದಾಗ, ಕಾರ್ಡಿನ ಹಿಂದಿದ್ದ ನಂಬರಿಗೆ ಫೋನು ಮಾಡಿದರೆ ಒಬ್ಬ ಮನುಷ್ಯ ಎತ್ತುತ್ತಿದ್ದ. 'ಸರ್, ನಿಮ್ಮನ್ನು ಸಂಜೆಯ ಫ್ಲೈಟಿಗೆ ಹಾಕಿದ್ದೇನೆ, ಊಟ ಮಾಡಿಕೊಳ್ಳಿ' ಎನ್ನುತ್ತಿದ್ದ. ಬೆಂಗಳೂರಿನಲ್ಲಿ ಜ್ವರ ಬಂದ ಮಗುವೋ, ಆಸ್ಪತ್ರೆಯಲ್ಲಿರುವ ತಂದೆಯೋ ಕಾಯುತ್ತಿರುವಾಗ ಆ ಒಂದು ಮಾತಿಗೆ ಎಷ್ಟು ಪಾಯಿಂಟ್ ಕೊಟ್ಟರೂ ಕಡಿಮೆಯೇ.

2005ರ ಮೇ ತಿಂಗಳಲ್ಲಿ ಕಿಂಗ್‌ಫಿಷರ್ ಬಂತು. ಬೆಂಗಳೂರಿನದೇ ಕಂಪನಿ ಎಂಬ ಅಭಿಮಾನವೂ ಸೇರಿಕೊಂಡಿತು. ಸೀಟಿನ ಹಿಂದೆ ಟಿವಿ, ಪುಟ್ಟ ಚೀಲದಲ್ಲಿ ಪೆನ್ನು, ಇಯರ್‌ಫೋನು. ಆ ಪೆನ್ನುಗಳು ಎಷ್ಟೋ ಮನೆಗಳಲ್ಲಿ ಮಕ್ಕಳ ಕಂಪಾಸ್ ಬಾಕ್ಸ್ ಸೇರಿದವು. 'ಕಿಂಗ್ ಕ್ಲಬ್' ಸದಸ್ಯರಾಗುವುದು ಊರ ಕ್ಲಬ್ಬಿನ ಸದಸ್ಯತ್ವದಷ್ಟೇ ಹೆಮ್ಮೆಯ ಮಾತಾಗಿತ್ತು. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಅದೇ ಸೆಪ್ಟೆಂಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ನೇರ ಲಂಡನ್ನಿಗೆ ಹಾರಿದಾಗ, ಇನ್ನು ನಮ್ಮ ಪಾಯಿಂಟುಗಳಿಗೆ ಲೋಕವೇ ತೆರೆಯಿತು ಎಂದುಕೊಂಡೆವು.

ಈ ಪಾಯಿಂಟುಗಳಿಗೆ ಇನ್ನೊಂದು ಮುಖವೂ ಇತ್ತು. ಅದನ್ನು ಹೇಳದಿದ್ದರೆ ಇದು ಬರೀ ಸೂಟುಬೂಟಿನವರ ಗೋಳಾಗುತ್ತದೆ. ಬೆಂಗಳೂರಿನಿಂದ ಆನ್‌ಸೈಟ್ ಕೆಲಸಕ್ಕೆ ಹೋಗಿಬರುತ್ತಿದ್ದ, ಇಲ್ಲವೇ ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ನೆಲೆಸಿದ ಕನ್ನಡದ ಹುಡುಗ ಹುಡುಗಿಯರು ಮೈಲ್ಸ್ ಕೂಡಿಟ್ಟಿದ್ದು ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಲು ಅಲ್ಲ. ಅಮ್ಮನನ್ನು ಬಾಣಂತನಕ್ಕೆ ಕರೆಸಿಕೊಳ್ಳಲು. ಕೆಲಸದ ಮೇಲೆ ವಾರ ವಾರ ಹಾರಿ, ಹೋಟೆಲಿನಲ್ಲಿ ಮಲಗಿ, ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಬರೆದಿಟ್ಟು ಕೂಡಿಸಿದ ಮೈಲಿಗಳು ಕೊನೆಗೆ ಹಾಸನದಿಂದಲೋ ಸಾಗರದಿಂದಲೋ ಹೊರಟ ಒಬ್ಬ ತಾಯಿಯ ಟಿಕೆಟ್ ಆಗುತ್ತಿದ್ದವು. ಮೆಂತ್ಯದ ಹಿಟ್ಟು, ಅಂಟಿನುಂಡೆ, ಸಾರಿನಪುಡಿ ತುಂಬಿದ ಸೂಟ್‌ಕೇಸಿನ ಹಿಂದೆ ಮಗನೋ ಮಗಳೋ ಮನೆಯಿಂದ ದೂರ ಕಳೆದ ಎಷ್ಟೋ ಇರುಳುಗಳಿದ್ದವು. ಆ ಲೆಕ್ಕದಲ್ಲಿ ಮೈಲಿ ಎಂದರೆ ಕಳೆದುಹೋದ ಹೊತ್ತಿಗೆ ಸಿಕ್ಕ ಪರಿಹಾರ. ಅದಕ್ಕೇ ಅದು ಕಡಿತವಾದಾಗ ಜನರಿಗೆ ಬರುವ ಸಿಟ್ಟು ಹಣದ ಸಿಟ್ಟಿಗಿಂತ ಜಾಸ್ತಿ.

ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಆ ತಿಂಗಳೇ ಪರವಾನಗಿ ಅಮಾನತಾಯಿತು. ವಿಮಾನವೇ ನಿಂತ ಮೇಲೆ ಕಿಂಗ್ ಕ್ಲಬ್ ಪಾಯಿಂಟುಗಳನ್ನು ಎಲ್ಲಿ ಹೋಗಿ ಕೇಳುವುದು? ಆದರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದು ಬೀದಿಗೆ ಬಿದ್ದ ಸಿಬ್ಬಂದಿಯ ಮುಂದೆ ನಮ್ಮ ಪಾಯಿಂಟಿನ ಮಾತೆತ್ತುವುದೇ ನಾಚಿಕೆಗೇಡು ಅನ್ನಿಸಿ ಬಾಯಿ ಮುಚ್ಚಿಕೊಂಡೆವು. 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಹೊರಟ ವಿಮಾನದೊಂದಿಗೆ ಜೆಟ್ ಕೂಡ ನಿಂತಿತು. ಅಲ್ಲಿ ಒಂದು ವಿಚಿತ್ರ ನಡೆಯಿತು. ಜೆಟ್‌ಪ್ರಿವಿಲೇಜನ್ನು ಮೊದಲೇ ಬೇರೆ ಕಂಪನಿ ಮಾಡಿ ಅದರ ದೊಡ್ಡ ಪಾಲನ್ನು ಅಬುಧಾಬಿಯ ಎತಿಹಾದ್‌ಗೆ ಮಾರಿದ್ದರಿಂದ, ವಿಮಾನ ಸತ್ತರೂ ಪಾಯಿಂಟು ಉಳಿಯಿತು! ಅದೇ ನವೆಂಬರಿನಲ್ಲಿ 'ಇಂಟರ್‌ಮೈಲ್ಸ್' ಎಂಬ ಹೊಸ ಹೆಸರೂ ಬಂತು. ಹೋಟೆಲಿಗೆ ಬಳಸಿ, ಅಂಗಡಿಯಲ್ಲಿ ಬಳಸಿ ಎಂದರು. ಹಾರಿ ಗಳಿಸಿದ್ದನ್ನು ಕೆಲವರು ಮಿಕ್ಸಿ ಕೊಂಡು ಮುಗಿಸಿದರು.

ಮೂರನೆಯ ಸಲ ಮನಸ್ಸು ಕೊಟ್ಟಿದ್ದು ವಿಸ್ತಾರಾಗೆ. 2015ರ ಜನವರಿ 9ರಂದು ಹಾರಲು ಶುರು ಮಾಡಿದ ಟಾಟಾ ಮತ್ತು ಸಿಂಗಪುರ ಏರ್‌ಲೈನ್ಸ್‌ನ ಈ ಜಂಟಿ ಕಂಪನಿಯಲ್ಲಿ ಜೆಟ್‌ನ ಹಳೆಯ ಮರ್ಯಾದೆ ಮತ್ತೆ ಕಂಡಿತು. ಇಲ್ಲಿ ದಿವಾಳಿಯಾಗಲಿಲ್ಲ, ವಿಲೀನವಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಕ್ಲಬ್ ವಿಸ್ತಾರಾದ ಪಾಯಿಂಟುಗಳನ್ನು ಒಂದಕ್ಕೊಂದರಂತೆ ಏರ್ ಇಂಡಿಯಾದ ಯೋಜನೆಗೆ ವರ್ಗಾಯಿಸಿದರು, ಕಸಿದುಕೊಂಡರು ಎನ್ನಲಾಗದು. ಆದರೆ ಪಾಯಿಂಟಿನ ಸಂಖ್ಯೆ ಒಂದು, ಅದರಿಂದ ಏನು ಸಿಗುತ್ತದೆ ಎಂಬುದು ಇನ್ನೊಂದು. ಸೇರಿದ ಮನೆಯ ನಿಯಮಗಳೇ ಬೇರೆ. ಏರ್ ಇಂಡಿಯಾ 2024ರ ಏಪ್ರಿಲಿನಲ್ಲಿ ತನ್ನ ಹಳೆಯ 'ಫ್ಲೈಯಿಂಗ್ ರಿಟರ್ನ್ಸ್' ಯೋಜನೆಯನ್ನು ತಲೆಕೆಳಗು ಮಾಡಿ, ಹಾರಿದ ದೂರದ ಬದಲು ಕೊಟ್ಟ ರೂಪಾಯಿಯನ್ನು ಲೆಕ್ಕಕ್ಕೆ ಹಿಡಿದಿತ್ತು. ಹಿಂದೆ ಆ ಯೋಜನೆಯ ಅತಿ ಎತ್ತರದ ಮೆಟ್ಟಿಲಿನ ಹೆಸರು 'ಮಹಾರಾಜ ಕ್ಲಬ್'. ಈಗ ಇಡೀ ಯೋಜನೆಗೇ ಆ ಹೆಸರು. ಸೇರಿದವರೆಲ್ಲ ಮಹಾರಾಜರು. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಎಂದು ಕೇಳಬಾರದು.

ಮುಳುಗಿದ ಕಂಪನಿ ಮಾತು ತಪ್ಪಿದರೆ ವಿಧಿ ಎನ್ನಬಹುದು. ಲಾಭದಲ್ಲಿರುವ ಕಂಪನಿ ಮಾತು ಬದಲಿಸಿದರೆ? ಅಮೆರಿಕದಲ್ಲಿ ಆಗಿದ್ದು ಇದೇ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್, ಮೈಲಿಯ ಲೆಕ್ಕ ಬಿಟ್ಟು ಡಾಲರಿನ ಲೆಕ್ಕಕ್ಕೆ ಬಂದವು. ಬೆಂಗಳೂರಿಗೆ ಅತಿ ಅಗ್ಗದ ಟಿಕೆಟ್ ಹುಡುಕಿ, ಎರಡು ಕಡೆ ಇಳಿದು ಹತ್ತಿ, ಅರ್ಧ ಭೂಮಿ ಸುತ್ತಿ ಬರುವ ನಮ್ಮವರಿಗೆ ಇದಕ್ಕಿಂತ ದೊಡ್ಡ ಹೊಡೆತವಿರಲಿಲ್ಲ. ದೂರವೇ ಅವರ ಬಂಡವಾಳವಾಗಿತ್ತು. ಎಷ್ಟು ಮೈಲ್ಸಿಗೆ ಎಲ್ಲಿಯ ಟಿಕೆಟ್ ಎಂದು ಹೇಳುವ ದರಪಟ್ಟಿಯೂ ಒಂದೊಂದೇ ಕಂಪನಿಯಲ್ಲಿ ಮಾಯವಾಯಿತು. ಬೆಳಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು. ಗುರಿಗೆಂದು ಕೂಡಿಡುವವನಿಗೆ ಗುರಿಯೇ ಓಡಾಡತೊಡಗಿತು.

2023ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಸ್ಟೇಟಸ್ಸಿನ ಮೆಟ್ಟಿಲುಗಳನ್ನು ಇನ್ನಷ್ಟು ಎತ್ತರಿಸಿ, ಲೌಂಜಿನ ಬಾಗಿಲನ್ನು ಕಿರಿದು ಮಾಡಿದಾಗ ಎದ್ದ ಆಕ್ರೋಶಕ್ಕೆ ಮುಖ್ಯಸ್ಥ ಎಡ್ ಬಾಸ್ಟಿಯನ್, ನಾವು ಸ್ವಲ್ಪ ಅತಿ ಮಾಡಿದೆವೇನೋ ಎಂದು ಒಪ್ಪಿಕೊಳ್ಳಬೇಕಾಯಿತು. ಕೆಲವು ಕಡಿತಗಳನ್ನು ಸಡಿಲಿಸಿದರು, ಉಳಿದದ್ದು ಉಳಿಯಿತು. ಮರುವರ್ಷ ಅಲ್ಲಿನ ಸಾರಿಗೆ ಇಲಾಖೆ ನಾಲ್ಕು ದೊಡ್ಡ ಕಂಪನಿಗಳಿಂದ ಈ ಯೋಜನೆಗಳ ಲೆಕ್ಕ ಕೇಳಿತು.

ಕೊಸರಿನಂಥ ಈ ಸಣ್ಣ ಸಂಗತಿಯ ಹಿಂದೆ ಎಷ್ಟು ದೊಡ್ಡ ವ್ಯಾಪಾರವಿದೆ ಎಂದು ಬಯಲಾಗಿದ್ದು ಕೋವಿಡ್ ಕಾಲದಲ್ಲಿ. ವಿಮಾನಗಳೆಲ್ಲ ನೆಲಕಚ್ಚಿದ್ದಾಗ ಕಂಪನಿಗಳು ಅಡವಿಟ್ಟಿದ್ದು ತಮ್ಮ ಪಾಯಿಂಟ್ ಯೋಜನೆಗಳನ್ನು. 2020ರಲ್ಲಿ ಯುನೈಟೆಡ್ ಅದರ ಮೇಲೆ 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ ಡಾಲರ್ ಸಾಲ ಎತ್ತಿದವು. 2021ರಲ್ಲಿ ಅಮೆರಿಕನ್ 1,000 ಕೋಟಿ ಡಾಲರ್. ಕಾರಣ ಸರಳ. ಕಂಪನಿ ಪಾಯಿಂಟುಗಳನ್ನು ಸಗಟಾಗಿ ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ಕ್ರೆಡಿಟ್ ಕಾರ್ಡ್ ಉಜ್ಜಿದವರಿಗೆ ಹಂಚುತ್ತದೆ. ಹಣ ಇಂದೇ ಬರುತ್ತದೆ, ಸೀಟು ಕೊಡಬೇಕಾದ್ದು ಎಂದೋ. ಕೊಡುವ ಹೊತ್ತಿಗೆ ಬೆಲೆ ಏರಿಸಿದರೆ ಲಾಭ ಇಮ್ಮಡಿ. ನೋಟು ಅಚ್ಚು ಹಾಕುವ, ಅದರ ಬೆಲೆ ಇಳಿಸುವ ಎರಡೂ ಅಧಿಕಾರ ಒಬ್ಬರ ಕೈಯಲ್ಲೇ ಇದೆ.

ಕಾನೂನು ಏನು ಹೇಳುತ್ತದೆ? ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸ್ 2008ರಲ್ಲಿ ಗಿನ್ಸ್‌ಬರ್ಗ್ ಎಂಬ ಯಹೂದಿ ಧರ್ಮಗುರುವಿನ ಪ್ಲಾಟಿನಂ ಸದಸ್ಯತ್ವವನ್ನು, ನೀವು ದೂರು ಕೊಡುವುದು ಜಾಸ್ತಿಯಾಯಿತು ಎಂದು ರದ್ದು ಮಾಡಿತು. ಅವರು ನ್ಯಾಯಾಲಯಕ್ಕೆ ಹೋದರು. ಒಪ್ಪಂದವೆಂದ ಮೇಲೆ ಎರಡೂ ಕಡೆ ಒಳ್ಳೆಯ ಮನಸ್ಸಿನಿಂದ ನಡೆದುಕೊಳ್ಳಬೇಕಲ್ಲವೇ ಎಂಬುದು ಅವರ ವಾದ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ, ವಿಮಾನ ದರದ ಹಿಡಿತ ಬಿಟ್ಟ 1978ರ ಕಾಯ್ದೆಯ ಮುಂದೆ ಈ ವಾದ ನಿಲ್ಲುವುದಿಲ್ಲ ಎಂದಿತು. ನಿಯಮಾವಳಿಯ ಸಣ್ಣ ಅಕ್ಷರಗಳಲ್ಲಿ ಎಲ್ಲವೂ ಕಂಪನಿಯ ವಿವೇಚನೆಗೆ ಬಿಟ್ಟಿದ್ದು ಎಂದು ಮೊದಲೇ ಬರೆದಿರುತ್ತದೆ. ನಾವು ಕಾರ್ಡಿನ ಮೇಲಿನ ದೊಡ್ಡ ಅಕ್ಷರಗಳನ್ನಷ್ಟೇ ಓದಿರುತ್ತೇವೆ.

ಕಡಿತದ ಸುದ್ದಿ ಬರುವ ರೀತಿಯೂ ಒಂದು ಕಲೆ. ನನಗೆ ಒಂದು ಕಂಪನಿಯಿಂದ ಬಂದ ಪತ್ರದಲ್ಲಿ ಮೊದಲು ಅಭಿನಂದನೆ ಇತ್ತು. 'ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸುತ್ತಿದ್ದೇವೆ' ಎಂದಿತ್ತು. ಕೆಳಗೆ ಓದುತ್ತಾ ಹೋದರೆ ಅಪ್‌ಗ್ರೇಡ್ ಇಲ್ಲ, ಹೆಚ್ಚುವರಿ ಲಗೇಜ್ ಅರ್ಧ, ಟಿಕೆಟಿಗೆ ಬೇಕಾದ ಪಾಯಿಂಟ್ ಒಂದೂವರೆ ಪಟ್ಟು. 'ಕಷ್ಟದಲ್ಲಿದ್ದೇವೆ, ಇನ್ನು ಇಷ್ಟೇ ಕೊಡಲು ಸಾಧ್ಯ' ಎಂದು ನೇರವಾಗಿ ಬರೆದಿದ್ದರೆ ಬೇಸರವಾಗುತ್ತಿತ್ತು, ಅವಮಾನವಾಗುತ್ತಿರಲಿಲ್ಲ. ಲೌಂಜಿನ ಕಥೆಯೂ ಅಷ್ಟೇ. ಬ್ಯಾಂಕುಗಳು ಕಂಡಕಂಡವರಿಗೆ ಲೌಂಜ್ ಸೌಲಭ್ಯದ ಕಾರ್ಡ್ ಹಂಚಿ, ಒಳಗೆ ಇಡ್ಲಿಗೆ ಕ್ಯೂ, ಹೊರಗೆ ಬಾಗಿಲಿಗೆ ಕ್ಯೂ ಆದ ಮೇಲೆ, ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದರೆ ಮಾತ್ರ ಪ್ರವೇಶ ಎಂದವು. ಕೆಂಪೇಗೌಡ ನಿಲ್ದಾಣದ ಲೌಂಜಿಗೆ ನಮ್ಮ ಊರಿನ ಎಸ್‌ಟಿಡಿ ಕೋಡ್ 080 ಎಂದೇ ಹೆಸರು. ಊರಿನವರೇ ಈಗ ಅದರ ಮುಂದೆ ನಿಂತು ಯಾವ ಕಾರ್ಡ್ ನಡೆಯುತ್ತದೆ ಎಂದು ಪರ್ಸು ತಡಕಾಡುತ್ತಾರೆ.

ಈ ಗೋಳಿಗೆ ಎದುರು ಮಾತೂ ಇದೆ, ಅದು ಸಣ್ಣದಲ್ಲ. ನಮ್ಮ ಪಾಯಿಂಟುಗಳು ಬಹುಪಾಲು ಕಂಪನಿಯ ದುಡ್ಡಿನಲ್ಲಿ ಹಾರಿ ಗಳಿಸಿದವು. ಟಿಕೆಟಿನ ಬಿಲ್ಲು ಕಚೇರಿಗೆ, ಕೊಸರು ನಮ್ಮ ಜೇಬಿಗೆ. ಆ ಕೆಂಪು ಚಾಪೆಯ ಕೌಂಟರ್ ಇದ್ದಿದ್ದೇ ಪಕ್ಕದ ಉದ್ದ ಸಾಲು ಇದ್ದುದರಿಂದ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಅದರಲ್ಲಿ ಊಟವಿರಲಿಲ್ಲ, ಉಪಚಾರವಿರಲಿಲ್ಲ. ಆದರೆ ಬಸ್ಸು, ರೈಲು ಮಾತ್ರ ಕಂಡಿದ್ದವರು ಮೊದಲ ಸಲ ವಿಮಾನ ಹತ್ತಿದರು. 2006ರಲ್ಲಿ ಬಂದ ಇಂಡಿಗೋ ಹದಿನೆಂಟು ವರ್ಷ ಯಾವ ಪಾಯಿಂಟ್ ಯೋಜನೆಯೂ ಇಲ್ಲದೆ, ಸರಿಯಾದ ಸಮಯ ಮತ್ತು ಕಡಿಮೆ ದರದ ಬಲದಿಂದಲೇ ದೇಶದ ಮಾರುಕಟ್ಟೆಯ ಶೇ 60ಕ್ಕಿಂತ ಹೆಚ್ಚು ಪಾಲು ಹಿಡಿಯಿತು. ಕೆಲವರಿಗೆ ಸಿಗುತ್ತಿದ್ದ ಕೊಸರು ಹೋಗಿ ಎಲ್ಲರಿಗೂ ಅಗ್ಗದ ಟಿಕೆಟ್ ಸಿಕ್ಕಿತು ಎಂದರೆ ಆ ಲೆಕ್ಕದಲ್ಲಿ ನಾನು ಸೋಲಲು ಸಿದ್ಧ.

ಆದರೆ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಈಗ ದೇಶದೊಳಗೆ ಹಾರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹತ್ತುವುದು ಇಂಡಿಗೋ ಇಲ್ಲವೇ ಟಾಟಾ ಗುಂಪಿನ ವಿಮಾನವನ್ನು. ಕೊಸರೂ ಹೋಯಿತು, ಅಗ್ಗವೂ ನಿಧಾನವಾಗಿ ಹೋಗುತ್ತಿದೆ. ದೀಪಾವಳಿಗೋ ಬೇಸಿಗೆ ರಜೆಗೋ ಮಂಗಳೂರು, ಹುಬ್ಬಳ್ಳಿಯ ಟಿಕೆಟ್ ದರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂತೆಯಲ್ಲಿ ಕೊಸರು ಬೀಳುವುದು ಪಕ್ಕದಲ್ಲಿ ಇನ್ನೊಂದು ಬುಟ್ಟಿ ಇರುವವರೆಗೆ ಮಾತ್ರ. ಈಸ್ಟ್ ವೆಸ್ಟ್, ದಮಾನಿಯಾ, ಸಹಾರಾ, ಜೆಟ್, ಕಿಂಗ್‌ಫಿಷರ್, ವಿಸ್ತಾರಾ ಎಂದು ಬುಟ್ಟಿಗಳು ಒಂದೊಂದಾಗಿ ಎದ್ದು ಹೋದವು. ನಮ್ಮ ಮೇಲೆ ಕಂಪನಿಗಳಿಗೆ ಇದ್ದ ಪ್ರೀತಿ ಕಡಿಮೆಯಾಗಲಿಲ್ಲ, ಮೊದಲೂ ಅದು ಪ್ರೀತಿಯಾಗಿರಲಿಲ್ಲ. ನಾವು ಎದ್ದು ಬೇರೆ ಕಡೆ ಹೋಗಬಹುದು ಎಂಬ ಭಯವಾಗಿತ್ತು. ಆ ಭಯ ಇದ್ದ ಕಾಲವನ್ನೇ ನಾವು ಮರ್ಯಾದೆಯ ಕಾಲ ಎಂದು ಈಗ ನೆನೆಯುತ್ತಿದ್ದೇವೆ. ಇಂದಿನ ಆ್ಯಪಿಗೆ ನನ್ನ ಹುಟ್ಟುಹಬ್ಬ ಗೊತ್ತು, ಕಿಟಕಿಯ ಪಕ್ಕ ಕೂರುವ ಆಸೆ ಗೊತ್ತು. ಆ ಕಿಟಕಿಗೆ ಬೇರೆ ದರವೂ ಇದೆ.

ಕಳೆದ ಕಾಲವನ್ನು ಯಾರೂ ಹಿಂದಕ್ಕೆ ತರಲಾರರು. ಆದರೆ ಸರ್ಕಾರ ಒಂದು ಕೆಲಸ ಮಾಡಬಹುದು. ಪಾಯಿಂಟಿನ ಬೆಲೆ ಇಳಿಸುವ ಮುನ್ನ ಕನಿಷ್ಠ ಒಂದು ವರ್ಷದ ನೋಟಿಸ್ ಕೊಡಬೇಕು, ಈಗಾಗಲೇ ಗಳಿಸಿದ್ದಕ್ಕೆ ಅಲ್ಲಿಯವರೆಗೆ ಹಳೆಯ ದರವೇ ನಡೆಯಬೇಕು ಎಂದು ನಿಯಮ ಮಾಡಿದರೆ ಯಾವ ಕಂಪನಿಯೂ ಮುಳುಗುವುದಿಲ್ಲ. ಹಣ ತೆಗೆದುಕೊಂಡು ಕೊಟ್ಟ ಮಾತಿಗೆ ಅಷ್ಟು ಕಾವಲಾದರೂ ಬೇಕು.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ನಿಮ್ಮ ಖಾತೆಯಲ್ಲಿ ಪಾಯಿಂಟುಗಳಿದ್ದರೆ ಮುಂದೆಂದೋ ಮಾಡುವ ದೊಡ್ಡ ಪ್ರವಾಸಕ್ಕೆಂದು ಕೂಡಿಡಬೇಡಿ. ಅದು ಬ್ಯಾಂಕಿನ ಠೇವಣಿಯಲ್ಲ, ಅದಕ್ಕೆ ಬಡ್ಡಿ ಬರುವುದಿಲ್ಲ, ಇಟ್ಟಷ್ಟೂ ಕರಗುತ್ತದೆ. ಅಪ್ಪ ಅಮ್ಮನನ್ನು ಕಾಶಿಗೋ ಅಮೃತಸರಕ್ಕೋ ಕರೆದುಕೊಂಡು ಹೋಗುವುದಿದ್ದರೆ ಈ ರಜೆಯಲ್ಲೇ ಹೋಗಿಬನ್ನಿ.